ಮಹಾಮಾರಿಯ ಕಾಲದಲ್ಲಿ ವಿರಳರೋಗಿಯ ಹಕ್ಕು

ಹದಿನೈದು ದಿನಗಳಿಗೊಮ್ಮೆ ಆಸ್ಪತ್ರೆಯಲ್ಲಿ ಮಲಗಿ ಕಿಣ್ವದ ಔಷಧವನ್ನು ರಕ್ತನಾಳದ ಮೂಲಕ ಏರಿಸಿಕೊಳ್ಳಬೇಕಾದ ಗೋಶೆ ಎಂಬ ವಿರಳರೋಗದ ಬಾಲಕನಿಗೆ, 2020ರ ಮಾರ್ಚ್ 25ರಂದು ಆರಂಭವಾದ ಲಾಕ್‌ಡೌನಿನಲ್ಲಿ ವೈರಾಣುವಿನ ಭಯದಷ್ಟೇ ದೊಡ್ಡದಾಗಿದ್ದ ಭಯವೆಂದರೆ, ವಾರ್ಡುಗಳು ಕೋವಿಡ್‌ಗೆ ಮೀಸಲಾಗಿ, ಬಸ್ಸುಗಳು ನಿಂತುಹೋಗಿ, ನಿಯತವಾದ ಚಿಕಿತ್ಸೆಯೇ ತಪ್ಪಿಹೋಗುವುದು. ಇಂಥ ಸಮಯದಲ್ಲಿ ಹಕ್ಕುಗಳೂ ಕೆಲಕಾಲ ಸುಮ್ಮನಿರಬೇಕೆಂಬ ಭಾವನೆ ಅಧಿಕಾರಿಗಳಲ್ಲಿ ಮಾತ್ರವಲ್ಲದೆ ರೋಗಿಗಳ ಬಂಧುಗಳಲ್ಲಿಯೂ ಇರುವುದುಂಟು. ಅದು ಕಾನೂನಿನ ಮಾತಲ್ಲ. 1978ರ 44ನೆಯ ತಿದ್ದುಪಡಿಯ ತರುವಾಯ, ಸಂವಿಧಾನದ 21ನೆಯ ವಿಧಿಯು ಕೊಡಮಾಡಿದ ಜೀವಿಸುವ ಹಕ್ಕಿನ ಜಾರಿಯನ್ನು ರಾಷ್ಟ್ರೀಯ ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದು. ಹಾಗಿರುವಲ್ಲಿ ಸಾಂಕ್ರಾಮಿಕ ನಿಯಂತ್ರಣದ ಒಂದು ಆಜ್ಞೆಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಹಾಸಿಗೆಯಿಲ್ಲವೆಂಬ ಉತ್ತರವೂ ಹೊಸದಲ್ಲ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಗಾರನೊಬ್ಬನನ್ನು ಕಲಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದರ ಬಳಿಕ ಒಂದು ಹಿಂದಕ್ಕೆ ಕಳುಹಿಸಿದ ಪ್ರಕರಣದಲ್ಲಿ, ತುರ್ತುಚಿಕಿತ್ಸೆ ನಿರಾಕರಿಸುವುದು 21ನೆಯ ವಿಧಿಯ ಉಲ್ಲಂಘನೆಯೆಂದೂ, ಹಣದ ಅಭಾವವನ್ನು ಮುಂದೊಡ್ಡಿ ಸರ್ಕಾರವು ಹೊಣೆಯಿಂದ ಜಾರಿಕೊಳ್ಳಲಾಗದೆಂದೂ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ತೀರ್ಮಾನಿಸಿತು. 2014ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಗೋಶೆ ರೋಗದ ಬಡ ಬಾಲಕನೊಬ್ಬನಿಗೆ ಉಚಿತವಾಗಿ ಕಿಣ್ವಚಿಕಿತ್ಸೆ ಕೊಡಿಸಬೇಕೆಂದು ಆದೇಶಿಸಿದ್ದೂ ಇದೇ ತತ್ತ್ವದ ಬಲದಿಂದ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 8ನೆಯ ಪ್ರಕರಣವು ವಿಪತ್ತಿನ ಕಾಲದಲ್ಲಿ ಸಮಾನ ರಕ್ಷಣೆಯನ್ನು ವಿಧಿಸುತ್ತದೆ. ಆ ಅಧಿನಿಯಮದ ಅನುಸೂಚಿಯಲ್ಲಿ ಹೀಮೋಫಿಲಿಯಾ, ಥಲಸ್ಸೀಮಿಯಾ, ಸ್ನಾಯುಕ್ಷಯಗಳ ಹೆಸರುಂಟು, ಗೋಶೆಯ ಹೆಸರಿಲ್ಲ. ಆದರೆ ರೋಗದ ಫಲವಾಗಿ ಚಲನವೈಕಲ್ಯ ಉಂಟಾಗಿದ್ದರೆ ಆ ದಾರಿಯಿಂದ ಅಂಗವೈಕಲ್ಯದ ಪ್ರಮಾಣಪತ್ರ ಪಡೆಯಬಹುದು.

ಧನಸಹಾಯದ ವಿಷಯದಲ್ಲಿ, 2021ರ ರಾಷ್ಟ್ರೀಯ ವಿರಳರೋಗ ನೀತಿಯನ್ನು ಮರುವರ್ಷ ಪರಿಷ್ಕರಿಸಿದ ಮೇಲೆ, ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ರೋಗಿಯೊಬ್ಬನಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯಬಹುದಾಗಿದೆ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಡನೆ ಈ ಹೊಣೆ ಹೊತ್ತಿದೆ. ಆಜೀವ ಚಿಕಿತ್ಸೆ ಬೇಕಾದವನಿಗೆ ಈ ಮೊತ್ತ ಕೆಲವು ವರ್ಷಗಳಲ್ಲಿ ಕರಗಿಹೋಗುವುದೆಂಬುದು ನೀತಿಯ ದೊಡ್ಡ ಕೊರತೆಯೇ ಸರಿ. ಆದರೂ ಕೇಂದ್ರದಲ್ಲಿ ನೋಂದಣಿಯನ್ನು ನೆಮ್ಮದಿಯ ದಿನಗಳಲ್ಲಿಯೇ ಮುಗಿಸಿಡತಕ್ಕದ್ದು.

ಇನ್ನು ಕ್ರಮದ ಮಾತು. ಚಿಕಿತ್ಸೆ ನಿರಾಕೃತವಾದರೆ ಬಾಯಿಮಾತಿನಲ್ಲಿ ಕಾದಾಡದೆ, ಮುಂದಿನ ಚಿಕಿತ್ಸೆಯ ದಿನಾಂಕವನ್ನು ಕಾಣಿಸಿ ಆಸ್ಪತ್ರೆಯ ಅಧೀಕ್ಷಕರಿಗೆ ಅರ್ಜಿ ಬರೆದು, ಸ್ವೀಕೃತಿಯ ಸಹಿ ಪಡೆದು, ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಬೇಕು. ಬರಹದಲ್ಲಿ ಕೊಡಬೇಕೆಂದೊಡನೆ ಎಷ್ಟೋ ನಿರಾಕರಣೆಗಳು ತಾವಾಗಿಯೇ ಸಡಿಲವಾಗುತ್ತವೆ. ವೈದ್ಯವೃತ್ತಿಯ 2002ರ ನಡಾವಳಿ ನಿಯಮಗಳ ಮೇರೆಗೆ ರೋಗಿಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕು.

ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಆದರೆ ಅವರು ಮಾಡುವುದು ಶಿಫಾರಸು. ಅದರ ಮೇಲೆ ಕೈಗೊಂಡ ಕ್ರಮವನ್ನು ತಿಳಿಸಲು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಮೂರು ತಿಂಗಳ ಅವಕಾಶ. ಖಾಯಂ ಲೋಕ ಅದಾಲತ್ತು ವಿಚಾರಿಸುವ ಸಾರ್ವಜನಿಕ ಉಪಯುಕ್ತ ಸೇವೆಗಳಲ್ಲಿ ಆಸ್ಪತ್ರೆಯ ಸೇವೆಯೂ ಒಂದು, ಅಲ್ಲಿ ನ್ಯಾಯಾಲಯ ಶುಲ್ಕವೂ ಇಲ್ಲ. ಬಿಲ್ಲಿನ ತಕರಾರಿಗೆ ಅದು ಒಳ್ಳೆಯ ಸ್ಥಳ. ಬರುವ ವಾರವೇ ಔಷಧ ಏರಬೇಕಾದವನಿಗೆ ಇವೆರಡೂ ನಿಧಾನದ ದಾರಿಗಳು. ಅವನು ಸಂವಿಧಾನದ 226ನೆಯ ವಿಧಿಯನ್ವಯ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಉಚ್ಚ ನ್ಯಾಯಾಲಯ ಪೀಠದಲ್ಲಿ ರಿಟ್ ಅರ್ಜಿ ಸಲ್ಲಿಸಿ, ಮಧ್ಯಂತರ ಆದೇಶವನ್ನು ಬೇಡಬೇಕು. ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ: ಮಕ್ಕಳಿಗೂ ಸ್ತ್ರೀಯರಿಗೂ ಅಂಗವಿಕಲರಿಗೂ ಆದಾಯವನ್ನು ನೋಡದೆಯೇ ಕಾನೂನು ಸೇವಾ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಒದಗಿಸುತ್ತದೆ; ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೂ ಅದರ ಸಮಿತಿಯಿದೆ, ದೂರವಾಣಿ ಸಂಖ್ಯೆ 15100.