ಮಾತು ತಪ್ಪದ ಕರಾರು: ಬ್ಲಾಕ್‌ಚೈನ್ ಮತ್ತು ಅದರ ಬಾಗಿಲುಗಳ ವಿನ್ಯಾಸ

ಮಾನವನ ವ್ಯವಹಾರಗಳೆಲ್ಲವೂ ನಂಬಿಕೆಯ ಮೇಲೆ ನಿಂತಿವೆ. ರಾಮಾಪುರ ಹೋಬಳಿಯ ರೈತನೊಬ್ಬನು ಜಮೀನು ಮಾರಿದಾಗ ಮಾತಿಗೆ ಸಾಕ್ಷಿ, ಸಾಕ್ಷಿಗೆ ಪತ್ರ, ಪತ್ರಕ್ಕೆ ನೋಂದಣಿ, ನೋಂದಣಿಯ ಬೆನ್ನಿಗೆ ಪಹಣಿ ಹೀಗೆ ಆಧಾರಗಳು ಸಾಲಾಗಿ ನಿಲ್ಲುತ್ತವೆ. ಇದರಲ್ಲಿ ಒಂದು ಕೊಂಡಿ ಸಡಿಲವಾದರೂ ಕುಟುಂಬವು ತಲೆಮಾರುಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. ಇಂತಹ ಕರಾರುಗಳನ್ನು ಗಣಕಯಂತ್ರವೇ ನಡೆಸಿಕೊಡುವ ವಿಧಾನವೊಂದು ಇಂದು ರೂಪುಗೊಂಡಿದೆ. ಅದರ ಬಾಗಿಲುಗಳು ಹೇಗಿರಬೇಕೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬ್ಲಾಕ್‌ಚೈನ್ ಎಂದರೆ ಅನೇಕ ಗಣಕಯಂತ್ರಗಳು ಏಕಕಾಲಕ್ಕೆ ಕಾಪಾಡುವ ಒಂದೇ ಲೆಕ್ಕದ ಪುಸ್ತಕ. ಪ್ರತಿಯೊಂದು ಪುಟವೂ ಹಿಂದಿನ ಪುಟದ ಮುದ್ರೆಯನ್ನು ಹೊತ್ತಿರುವುದರಿಂದ, ಹಳೆಯ ನಮೂದನ್ನು ಯಾರಾದರೂ ತಿದ್ದಿದರೆ ಅದು ಬಯಲಾಗುತ್ತದೆ. 2009ರಲ್ಲಿ ಬಿಟ್‌ಕಾಯಿನ್ ಇದನ್ನು ಹಣದ ಲೆಕ್ಕಕ್ಕೆ ಬಳಸಿತು. ಷರತ್ತು ಪೂರೈಸಿದೊಡನೆ ತಾನೇ ಜಾರಿಗೆ ಬರುವ 'ಸ್ಮಾರ್ಟ್ ಕಾಂಟ್ರಾಕ್ಟ್' ಎಂಬ ಕಲ್ಪನೆಯನ್ನು ನಿಕ್ ಸ್ಜಾಬೊ ಎಂಬ ವಿದ್ವಾಂಸರು 1990ರ ದಶಕದಲ್ಲಿಯೇ ಮಂಡಿಸಿದ್ದರು. 2015ರಲ್ಲಿ ಆರಂಭವಾದ ಎಥೀರಿಯಂ ಅದಕ್ಕೆ ವ್ಯಾಪಕವಾದ ನೆಲೆಯನ್ನು ಒದಗಿಸಿತು.

ಇಂತಹ ಕರಾರಿನೊಡನೆ ಹೊರಗಿನವರು ವ್ಯವಹರಿಸುವ ಮಾರ್ಗವೇ ಇಂಟರ್‌ಫೇಸ್. ಕಚೇರಿಯ ಕಿಟಕಿಗೆ ಇದನ್ನು ಹೋಲಿಸಬಹುದು. ಯಾವ ಕಿಟಕಿಯಲ್ಲಿ ಏನು ಕೇಳಬಹುದು, ಯಾರು ಕೇಳಬಹುದು, ಯಾವ ಉತ್ತರ ದೊರೆಯುತ್ತದೆ ಎಂಬುದು ಮೊದಲೇ ನಿಶ್ಚಿತವಾಗಿರಬೇಕು.

ಕಿಟಕಿಯ ವಿನ್ಯಾಸವು ಜನಜೀವನವನ್ನು ಹೇಗೆ ಬದಲಿಸಬಲ್ಲದೆಂಬುದಕ್ಕೆ ನಮ್ಮ ನಾಡಿನ 'ಭೂಮಿ' ಯೋಜನೆ ನಿದರ್ಶನ. ಇದು ಬ್ಲಾಕ್‌ಚೈನ್ ಅಲ್ಲ, ಸರ್ಕಾರವೇ ನಿರ್ವಹಿಸುವ ದಾಖಲೆ ವ್ಯವಸ್ಥೆ. 2001ರ ವೇಳೆಗೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಇದರಲ್ಲಿ ಅಳವಡಿಸಲಾಯಿತು. ಆಗ 15 ರೂಪಾಯಿ ತೆತ್ತು ರೈತನು ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ ತನ್ನ ಪಹಣಿಯನ್ನು ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥಪಡಿಸುವ ನಿಯಮವನ್ನು ಯಂತ್ರದಲ್ಲಿಯೇ ಅಡಕಗೊಳಿಸಲಾಯಿತು. ದಾಖಲೆಯನ್ನು ಮುಟ್ಟುವ ನೌಕರನು ಬೆರಳಿನ ಗುರುತು ನೀಡಬೇಕಾಯಿತು. ಸರದಿ ತಪ್ಪಿಸುವ ಬಾಗಿಲನ್ನೇ ಇಡದಿರುವುದು ಇಲ್ಲಿನ ವಿನ್ಯಾಸದ ಸಾರ.

ಬ್ಲಾಕ್‌ಚೈನಿನಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚಾಗಿ ಬೇಕು. ಏಕೆಂದರೆ ಒಮ್ಮೆ ಅಲ್ಲಿ ನೆಲೆಗೊಳಿಸಿದ ಕರಾರನ್ನು ಸಾಮಾನ್ಯವಾಗಿ ತಿದ್ದಲಾಗದು. 2015ರಲ್ಲಿ ಪ್ರಸ್ತಾವಿತವಾದ 'ಇಆರ್‌ಸಿ-20' ಎಂಬ ಮಾದರಿ ಇಂಟರ್‌ಫೇಸಿನಲ್ಲಿ ಕಡ್ಡಾಯವಾದ ಬಾಗಿಲುಗಳು ಕೇವಲ ಆರು. ಆ ಮಿತವ್ಯಯದಿಂದಲೇ ಅದು ಜಗತ್ತಿನಾದ್ಯಂತ ಹರಡಿತು. ಆದರೂ ಅದರಲ್ಲೊಂದು ಲೋಪ ಉಳಿಯಿತು. ಒಬ್ಬನು ಮತ್ತೊಬ್ಬನಿಗೆ ತನ್ನ ಖಾತೆಯಿಂದ 100 ನಾಣ್ಯ ತೆಗೆಯಲು ಅನುಮತಿಯಿತ್ತು, ಅನಂತರ ಅದನ್ನು 50ಕ್ಕೆ ಇಳಿಸುತ್ತಾನೆಂದು ಭಾವಿಸೋಣ. ಬದಲಾವಣೆ ದಾಖಲಾಗುವ ಮುನ್ನವೇ ಎರಡನೆಯವನು 100 ತೆಗೆದು, ಬಳಿಕ ಹೊಸ 50ನ್ನೂ ತೆಗೆದರೆ ಒಟ್ಟು 150 ಹೋಗುತ್ತದೆ. 'ಇಷ್ಟಕ್ಕೆ ನಿಗದಿಪಡಿಸು' ಎಂಬ ಬಾಗಿಲಿಗೆ ಬದಲಾಗಿ 'ಇಷ್ಟು ಕಡಿಮೆ ಮಾಡು' ಎಂಬುದಿದ್ದರೆ ಈ ಅಪಾಯ ತಪ್ಪುತ್ತಿತ್ತು.

2016ರ ಜೂನ್‌ನಲ್ಲಿ 'ದಿ ಡಿಎಒ' ಎಂಬ ಕರಾರಿನಿಂದ ಸುಮಾರು 36 ಲಕ್ಷ ಈಥರ್ ಸೋರಿಹೋದುದು ಮತ್ತೊಂದು ಪಾಠ. ಆ ಕರಾರು ಹಣವನ್ನು ಮೊದಲು ಕೊಟ್ಟು, ಲೆಕ್ಕವನ್ನು ಆಮೇಲೆ ಕಳೆಯುತ್ತಿತ್ತು. ಆ ನಡುವಿನ ಕ್ಷಣದಲ್ಲಿ ಅದೇ ಬಾಗಿಲನ್ನು ಮತ್ತೆ ಮತ್ತೆ ತಟ್ಟಿ ಹಣ ಪಡೆಯಲಾಯಿತು. ಮೊದಲು ಪರಿಶೀಲನೆ, ಬಳಿಕ ಲೆಕ್ಕದ ನಮೂದು, ಕೊನೆಗೆ ಪಾವತಿ ಎಂಬ ಕ್ರಮವನ್ನು ಅಂದಿನಿಂದ ವಿನ್ಯಾಸಕಾರರು ಮೂಲಸೂತ್ರವೆಂದು ಬೋಧಿಸುತ್ತಾರೆ.

ಈ ತತ್ತ್ವಗಳನ್ನು ಖಾತೆ ಬದಲಾವಣೆಯ ಕರಾರಿಗೆ ಅನ್ವಯಿಸಿ ನೋಡಬಹುದು. ಅದಕ್ಕೆ ನಾಲ್ಕು ಬಾಗಿಲು ಸಾಕು. 'ವೀಕ್ಷಿಸು' ಎಂಬುದು ಎಲ್ಲರಿಗೂ ತೆರೆದಿದ್ದು, ಅದರಿಂದ ಯಾವ ನಮೂದೂ ಬದಲಾಗಬಾರದು. 'ಅರ್ಜಿ ಸಲ್ಲಿಸು' ಎಂಬುದು ಹಕ್ಕುಳ್ಳವರಿಗೆ ಮಾತ್ರ. 'ತಕರಾರು ಹೂಡು' ಎಂಬುದು ನಿಗದಿತ ಅವಧಿಯವರೆಗೆ ತೆರೆದಿರಬೇಕು. 'ಅಂಗೀಕರಿಸು' ಎಂಬುದು ಅಧಿಕಾರಿಗೆ ಮಾತ್ರ, ಅದೂ ಅವಧಿ ಮುಗಿದು ತಕರಾರು ಬಾಕಿಯಿಲ್ಲದಿದ್ದಾಗ ತೆರೆಯಬೇಕು. ನ್ಯಾಯಾಲಯದ ಆದೇಶದಿಂದ ತಿದ್ದುಪಡಿಯಾಗಬೇಕಾದರೆ ಹಳೆಯ ನಮೂದನ್ನು ಅಳಿಸದೆ, ಹೊಸ ಅರ್ಜಿಯ ಮೂಲಕವೇ ಅದರ ಮುಂದೆ ಹೊಸ ನಮೂದನ್ನು ಸೇರಿಸಬೇಕು.

ಆದರೆ ಇದರ ಮಿತಿಯನ್ನೂ ಅರಿಯಬೇಕು. ಬ್ಲಾಕ್‌ಚೈನ್ ಬರೆದುದನ್ನು ಕಾಪಾಡುತ್ತದೆಯೇ ಹೊರತು ಬರೆದುದು ಸತ್ಯವೇ ಎಂದು ತಿಳಿಯಲಾರದು. ಅಳತೆ ತಪ್ಪಿದ್ದರೆ, ವಿಧವೆಯ ಅಥವಾ ಮಗಳ ಹೆಸರು ಬಿಟ್ಟುಹೋಗಿದ್ದರೆ, ಯಂತ್ರವು ಆ ಅನ್ಯಾಯವನ್ನೇ ಭದ್ರಪಡಿಸುತ್ತದೆ. ಆದುದರಿಂದ ತಕರಾರಿನ ಬಾಗಿಲು ಉಳಿದೆಲ್ಲಕ್ಕಿಂತ ಮುಖ್ಯವಾದುದು. ಅದು ಅಕ್ಷರ ಬಾರದವರಿಗೂ ಕನ್ನಡದಲ್ಲಿ, ಹೋಬಳಿಯ ಮಟ್ಟದಲ್ಲಿ ಎಟುಕುವಂತಿರಬೇಕು.

ನಡೆ ಮತ್ತು ನುಡಿಗಳ ಐಕ್ಯವನ್ನು ಶರಣರು ಬದುಕಿನ ಅಳತೆಗೋಲಾಗಿ ಕಂಡರು. ಇಂಟರ್‌ಫೇಸ್ ಕರಾರಿನ ನುಡಿಯಾದರೆ ಒಳಗಿನ ಕ್ರಮವಿಧಿ ಅದರ ನಡೆ. ಇವೆರಡರ ನಡುವೆ ಬಿರುಕಿದ್ದರೆ ಆ ಬಿರುಕಿನಿಂದಲೇ ವಂಚನೆ ಒಳಸೇರುತ್ತದೆ. ಗಣಕಶಾಸ್ತ್ರವನ್ನು ಬೋಧಿಸುವ ಅಧ್ಯಾಪಕರು ಭಾಷೆಯ ಸೂತ್ರಗಳ ಜೊತೆಗೆ ಈ ವಿವೇಕವನ್ನೂ ವಿದ್ಯಾರ್ಥಿಗಳಲ್ಲಿ ಬಿತ್ತಿದರೆ, ಗ್ರಾಮಾಂತರ ಶಾಲೆಯಿಂದ ಹೊರಟ ವಿದ್ಯೆಯು ಮರಳಿ ಗ್ರಾಮದ ಹೊಲಗದ್ದೆಗಳನ್ನು ಕಾಯಬಲ್ಲದು.