ಮಾರುವ ಮುನ್ನ ಸಿ.ಡಿ. ತಟ್ಟೆಯ ಪರೀಕ್ಷೆ

ಬಳಸಿದ ಸಂಗೀತದ ಸಿ.ಡಿ.ಗಳನ್ನು ಅಂತರಜಾಲದಲ್ಲಿ ಮಾರುವವರುಂಟು. ಅಮೆರಿಕದಲ್ಲಿ 2000ನೆಯ ಇಸವಿಯಲ್ಲಿ ಆರಂಭವಾದ ಡಿಸ್ಕಾಗ್ಸ್ ಅಂತಹ ಮಾರುಕಟ್ಟೆಗಳಲ್ಲೊಂದು. ಅಲ್ಲಿ ಕೊಳ್ಳುವವನು ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಲಾರನು. ಮಾರುವವನು ಬರೆದ ದರ್ಜೆಯನ್ನೇ ನಂಬಿ ಹಣ ತೆರಬೇಕು. ಆದುದರಿಂದ ದರ್ಜೆ ಬರೆಯುವ ಮುನ್ನ ತಟ್ಟೆಯ ರಚನೆಯನ್ನು ಅರಿಯುವುದು ಅವಶ್ಯಕ.

ಹೊಳೆಯುವ ಮೈಯ ಗೀರುಗಳನ್ನು ಕಂಡು ನಾವು ಸಾಮಾನ್ಯವಾಗಿ ಹೆದರುತ್ತೇವೆ. ಆದರೆ ಸಂಗೀತವಿರುವುದು ಅಲ್ಲಲ್ಲ. 1.2 ಮಿಲಿಮೀಟರು ದಪ್ಪದ ಪಾರದರ್ಶಕ ಪ್ಲಾಸ್ಟಿಕ್ಕಿನ ಆಚೆ, ಹೆಸರು ಅಚ್ಚಾದ ಬದಿಗೆ ಹತ್ತಿಕೊಂಡಂತೆ, ಅತಿ ತೆಳುವಾದ ಅಲ್ಯೂಮಿನಿಯಂ ಪದರವಿದೆ. ಅದನ್ನು ಕಾಯುವುದು ಒಂದು ಮೆರುಗೆಣ್ಣೆಯ ಲೇಪ ಮಾತ್ರ. ಲೇಸರ್ ಕಿರಣವು ಪ್ಲಾಸ್ಟಿಕ್ಕನ್ನು ಹೊಗುವಾಗ ಅಗಲವಾಗಿದ್ದು, ಒಳಗೆ ಸಾಗಿದಂತೆ ಮೊನಚಾಗುತ್ತದೆ. ಕನ್ನಡಕದ ಮೇಲಿನ ಧೂಳಿನ ಕಣ ನಮ್ಮ ನೋಟವನ್ನು ಹೇಗೆ ತಡೆಯದೋ, ಹೊರಮೈಯ ಸಣ್ಣ ಗೀರೂ ಕಿರಣವನ್ನು ಹಾಗೆಯೇ ತಡೆಯದು. ಜಾಡಿನಲ್ಲಿ ಸುಮಾರು 2.5 ಮಿಲಿಮೀಟರಿನಷ್ಟು ಅಳಿದರೂ ಯಂತ್ರವು ಲೆಕ್ಕಹಾಕಿ ಅದನ್ನು ತುಂಬಿಕೊಳ್ಳಬಲ್ಲದು. ಕೇಂದ್ರದಿಂದ ಅಂಚಿನತ್ತ ಬಿದ್ದ ಗೀರು ಪ್ರತಿಯೊಂದು ಸುತ್ತನ್ನೂ ಕಿಂಚಿತ್ತೇ ಕಡಿಯುತ್ತದೆ; ಸುತ್ತಿನ ಗುಂಟ ಸಾಗುವ ಗೀರು ಹಾಗಲ್ಲ. ತಟ್ಟೆಯನ್ನು ವೃತ್ತಾಕಾರವಾಗಿ ಒರಸಬಾರದೆನ್ನುವುದು ಇದಕ್ಕಾಗಿಯೇ.

ಹೆಸರಿನ ಬದಿಯ ಗಾಯವೇ ನಿಜವಾದ ಕೇಡು. ತಟ್ಟೆಯನ್ನು ದೀಪಕ್ಕೆ ಎದುರಾಗಿ ಹಿಡಿಯೋಣ. ಚುಕ್ಕೆಗಳಾಗಿ ಬೆಳಕು ತೂರಿಬಂದೆಡೆ ಲೋಹವಿಲ್ಲ. ಸೂಜಿಮೊನೆಯಷ್ಟಾದರೆ ಯಂತ್ರ ಸಹಿಸೀತು. ದೊಡ್ಡದಾದರೆ ಎಷ್ಟು ಉಜ್ಜಿ ನಯಮಾಡಿದರೂ ಸರಿಹೋಗದು. ಅಂತಹದನ್ನು ಪೂರ್ತಿ ನುಡಿಸಿ ಕೇಳದೆ ಮಾರಾಟಕ್ಕಿಡತಕ್ಕದ್ದಲ್ಲ.

ನಡುರಂಧ್ರದ ಸುತ್ತಣ ಉಂಗುರದಲ್ಲಿರುವ ಸಂಖ್ಯೆಯನ್ನೂ ಬರೆಯಬೇಕು. ಒಂದೇ ಸಂಗೀತವು ಬೇರೆಬೇರೆ ಕಾರ್ಖಾನೆಗಳಲ್ಲಿ ಅಚ್ಚಾಗಿರಬಹುದು. ಸಂಗ್ರಾಹಕರು ಕೊಡುವ ಬೆಲೆಯೂ ಅದಕ್ಕೆ ತಕ್ಕಂತೆ ಬೇರೆಯಾಗುತ್ತದೆ.