ಕಾಲೇಜು ಚುನಾವಣೆ: ಗೆಲ್ಲುವವರಿಗೆ ಒಂಬತ್ತು ಸೂತ್ರಗಳು

ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ನಿಂತು ಮೂರು ದಶಕ ದಾಟಿತು. ಕ್ಯಾಂಪಸ್ ಹೊಡೆದಾಟಗಳ ಕಾರಣ ಕೊಟ್ಟು 1980ರ ದಶಕದ ಕೊನೆಯಲ್ಲಿ ಸರ್ಕಾರ ಅದಕ್ಕೆ ತಡೆ ಹಾಕಿತು. ಹಾಗಂತ ಮತದಾನವೇನೂ ನಿಂತಿಲ್ಲ. ಎಷ್ಟೋ ಶಾಲೆಗಳಲ್ಲಿ ಮಕ್ಕಳು ಮೊಬೈಲನ್ನೇ ಮತಯಂತ್ರ ಮಾಡಿಕೊಂಡು ಶಾಲಾ ಸಂಸತ್ತಿಗೆ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿಗಳನ್ನು ಆರಿಸುತ್ತಾರೆ. ಕರಾವಳಿಯ ಹಲವು ಕಾಲೇಜುಗಳಲ್ಲಿ ತರಗತಿ ಪ್ರತಿನಿಧಿಗಳು ಸೇರಿ ಸಂಘದ ಪದಾಧಿಕಾರಿಗಳನ್ನು ಆರಿಸುವ ರೂಢಿಯಿದೆ. ದೆಹಲಿಗೋ ಕೇರಳಕ್ಕೋ ಓದಲು ಹೋದ ನಮ್ಮ ಹುಡುಗ ಹುಡುಗಿಯರು ನೇರ ಚುನಾವಣೆಯನ್ನೇ ಕಾಣುತ್ತಾರೆ. ತರಗತಿ ಪ್ರತಿನಿಧಿ (ಸಿಆರ್) ಸ್ಥಾನಕ್ಕಾಗಲಿ, ಅಧ್ಯಕ್ಷ ಸ್ಥಾನಕ್ಕಾಗಲಿ, ನಿಲ್ಲಬೇಕೆಂದಿರುವವರಿಗೆ ಈ ಸೂತ್ರಗಳು. ತಿರುಳು ಒಂದೇ: ಮತ ಕೇಳುವ ಮೊದಲೇ ಕೆಲಸ ಶುರುವಾಗಿರಬೇಕು.

1. ಹಾಜರಿ ಪುಸ್ತಕ ನೋಡಿಕೊಳ್ಳಿ
ದೇಶದ ಕ್ಯಾಂಪಸ್ ಚುನಾವಣೆಗಳಿಗೆ ಆಧಾರ ಲಿಂಗ್ಡೋ ಸಮಿತಿಯ ಶಿಫಾರಸುಗಳು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ನೇತೃತ್ವದ ಸಮಿತಿ 2006ರಲ್ಲಿ ಕೊಟ್ಟ ವರದಿಯನ್ನು ಜಾರಿಗೆ ತರಲು ಅದೇ ವರ್ಷ ಸುಪ್ರೀಂ ಕೋರ್ಟ್ ಆದೇಶಿಸಿತು. ಅದರ ಪ್ರಕಾರ ಕನಿಷ್ಠ ಶೇ 75 ಹಾಜರಿ ಬೇಕು, ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು, ಶಿಸ್ತುಕ್ರಮಕ್ಕೆ ಒಳಗಾಗಿರಬಾರದು. ಪದವಿ ವಿದ್ಯಾರ್ಥಿಗಳಿಗೆ ವಯೋಮಿತಿ 17ರಿಂದ 22. ಜೈಕಾರ ಹಾಕುವವರು ನೂರು ಜನ ಇದ್ದರೂ ನಾಮಪತ್ರ ತಿರಸ್ಕೃತವಾದರೆ ಆಟ ಅಲ್ಲಿಗೇ ಮುಗಿಯಿತು.

2. ಒಂದೇ ಸಮಸ್ಯೆ ಹಿಡಿಯಿರಿ, ಬುಡದವರೆಗೆ ಹೋಗಿ
"ಸಮಗ್ರ ಅಭಿವೃದ್ಧಿ" ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ಮೊದಲ ಪೀರಿಯಡ್‌ಗೆ ಹತ್ತು ನಿಮಿಷ ತಡವಾಗಿ ಬರುವ ಬಸ್ಸು, ಖಾತೆಗೆ ಬೀಳದ ವಿದ್ಯಾರ್ಥಿವೇತನ, ನೀರಿಲ್ಲದ ಶೌಚಾಲಯ, ಸಂಜೆ ಐದಕ್ಕೇ ಬಾಗಿಲು ಹಾಕುವ ಗ್ರಂಥಾಲಯ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಬಸ್ಸಿನ ವಿಷಯವಾದರೆ ಯಾವ ಊರಿಂದ ಎಷ್ಟು ಮಂದಿ ಬರುತ್ತಾರೆಂದು ಪಟ್ಟಿ ಮಾಡಿ, ಸಹಿ ಹಾಕಿಸಿ, ಡಿಪೊ ವ್ಯವಸ್ಥಾಪಕರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಒತ್ತಿಸಿಕೊಂಡು ಬನ್ನಿ. ಆ ಮೊಹರು ಬಿದ್ದ ಪ್ರತಿಯೇ ನಿಮ್ಮ ಪ್ರಣಾಳಿಕೆ. ಬಸ್ಸಿನ ಸಮಯ ಬದಲಾಗದಿದ್ದರೂ, ಅಲೆದವರು ಯಾರೆಂದು ಆ ದಾರಿಯ ಎಲ್ಲರಿಗೂ ಗೊತ್ತಾಗಿರುತ್ತದೆ.

3. ಮಾತಾಡದವರ ಹತ್ತಿರ ಮೊದಲು ಹೋಗಿ
ಕ್ಯಾಂಟೀನಿನ ಗುಂಪು ಹೇಗೂ ನಿಮ್ಮದೇ. ನಿಮ್ಮ ಜಾತಿಯವರು, ನಿಮ್ಮ ಊರಿನವರು ಎಂಬ ಲೆಕ್ಕವನ್ನು ಎದುರಾಳಿಯೂ ಹಾಕುತ್ತಾನೆ. ಯಾರೂ ಲೆಕ್ಕಕ್ಕೆ ಹಿಡಿಯದವರು ಬೇರೆ ಇರುತ್ತಾರೆ: ತರಗತಿ ಮುಗಿದ ಕೂಡಲೇ ಬಸ್‌ ನಿಲ್ದಾಣಕ್ಕೆ ಓಡುವವರು, ಸಂಜೆ ಪೆಟ್ರೋಲ್ ಬಂಕ್‌ನಲ್ಲಿ ದುಡಿಯುವವರು, ಹಿಂದಿನ ಬೆಂಚಿನ ಮೌನಿಗಳು. ಅವರ ಹೆಸರು ಹಿಡಿದು ಮಾತಾಡಿಸಿ, ಹೇಳಿದ್ದನ್ನು ಬರೆದುಕೊಳ್ಳಿ.

4. ಫ್ಲೆಕ್ಸ್ ಆಸೆ ಬಿಡಿ
ಲಿಂಗ್ಡೋ ಖರ್ಚಿನ ಮಿತಿ ಅಭ್ಯರ್ಥಿಗೆ 5,000 ರೂಪಾಯಿ. ಮುದ್ರಿತ ಪೋಸ್ಟರ್ ಕೂಡದು. ಕೈಯಲ್ಲಿ ಬರೆದದ್ದನ್ನು ಗೊತ್ತುಪಡಿಸಿದ ಜಾಗದಲ್ಲಷ್ಟೇ ಅಂಟಿಸಬೇಕು. ಮೀರಿದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿ ವಿಶ್ವವಿದ್ಯಾಲಯವೇ ಸಾಕ್ಷಿ. 2024ರ ಸೆಪ್ಟೆಂಬರ್ 27ರಂದು ಅಲ್ಲಿ ಮತದಾನವಾಯಿತು. ಗೋಡೆಗಳನ್ನೆಲ್ಲ ಗಲೀಜು ಮಾಡಿದ್ದಕ್ಕೆ ಸಿಟ್ಟಾದ ಹೈಕೋರ್ಟ್, ಶುಚಿಯಾಗುವವರೆಗೆ ಎಣಿಕೆ ಬೇಡವೆಂದಿತು. ಫಲಿತಾಂಶ ಬಂದಿದ್ದು ನವೆಂಬರ್ ಕೊನೆಗೆ. ಗೆದ್ದವರ ಒಂದು ವರ್ಷದ ಅವಧಿಯಲ್ಲಿ ಸುಮಾರು ಎರಡು ತಿಂಗಳು ಗೋಡೆ ಪಾಲಾಯಿತು.

5. ಪ್ರಶ್ನೆಗೆ ಎದೆಗೊಡಿ
ದೆಹಲಿಯ ಜೆಎನ್‌ಯುನಲ್ಲಿ ಚುನಾವಣೆ ನಡೆಸುವ ಆಯೋಗವೇ ವಿದ್ಯಾರ್ಥಿಗಳದ್ದು. ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳು ಒಂದೇ ವೇದಿಕೆಯಲ್ಲಿ ನಿಂತು ಪರಸ್ಪರ ಪ್ರಶ್ನೆ ಹಾಕುತ್ತಾರೆ, ಸಭೆಯ ಪ್ರಶ್ನೆಗೂ ಉತ್ತರ ಕೊಡುತ್ತಾರೆ. ಕೇಳಲು ಜನ ರಾತ್ರಿಯೆಲ್ಲ ಕೂರುತ್ತಾರೆ. ನಿಮ್ಮ ಕಾಲೇಜಿನಲ್ಲಿ ಆ ವೇದಿಕೆ ಇಲ್ಲದಿದ್ದರೆ ತರಗತಿಯಲ್ಲೇ ಹತ್ತು ನಿಮಿಷ ಕೇಳಿ ಪಡೆಯಿರಿ. ಎರಡು ನಿಮಿಷ ಮಾತಾಡಿ, ಎಂಟು ನಿಮಿಷ ಉತ್ತರಿಸಿ. ಗೊತ್ತಿಲ್ಲದ್ದನ್ನು ಕೇಳಿದರೆ "ವಿಚಾರಿಸಿ ನಾಳೆ ಹೇಳುತ್ತೇನೆ" ಎನ್ನಿ. ನಾಳೆ ಮರೆಯದೆ ಹೇಳಿ.

6. ಸಿದ್ಧಾಂತ ಇರಲಿ, ಹೊರಗಿನ ದುಡ್ಡು ಬೇಡ
ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ, ಎಐಡಿಎಸ್‌ಒ, ಯಾವ ವಿದ್ಯಾರ್ಥಿ ಸಂಘಟನೆಯಲ್ಲಾದರೂ ಇರಿ. ರಾಜಕೀಯ ಕಲಿಯುವುದು ತಪ್ಪಲ್ಲ. ಅರುಣ್ ಜೇಟ್ಲಿ 1974ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಂಘದ ಅಧ್ಯಕ್ಷರಾಗಿದ್ದರು, ಸೀತಾರಾಂ ಯೆಚೂರಿ ಆಮೇಲೆ ಜೆಎನ್‌ಯು ಸಂಘದ ಅಧ್ಯಕ್ಷರಾದರು. ಆದರೆ ಅಭ್ಯರ್ಥಿ ಪಕ್ಷದ ಹಣ ಬಳಸುವುದನ್ನು ಲಿಂಗ್ಡೋ ನಿಯಮ ಒಪ್ಪುವುದಿಲ್ಲ. ನಿಯಮದ ಮಾತು ಬಿಟ್ಟರೂ, ಇಂದು ಊಟ ಹಾಕಿಸಿದ ಅಣ್ಣ ನಾಳೆ ಬಂದ್‌ಗೆ ಹುಡುಗರನ್ನು ಕಳಿಸು ಅನ್ನುತ್ತಾನೆ. ಆಗ ಬೇಡ ಎನ್ನಲು ಬಾಯಿ ಬರುವುದಿಲ್ಲ.

7. ಖರ್ಚಿನ ಚೀಟಿ ಎತ್ತಿಡಿ
ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕ ಒಪ್ಪಿಸಬೇಕು. ಚಾರ್ಟ್ ಪೇಪರಿನಿಂದ ಚಹಾದವರೆಗೆ ಎಲ್ಲವನ್ನೂ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಮುಂದೆ ಕಾಲೇಜು ಡೇ ಹಣ ನಿಮ್ಮ ಕೈಗೆ ಬಂದಾಗ ಯಾರೂ ಗುಸುಗುಸು ಅನ್ನುವುದಿಲ್ಲ.

8. ಚುನಾವಣೆ ಇಲ್ಲದ ಕಡೆಯೂ ಕುರ್ಚಿ ಹುಡುಕಿ
ಯುಜಿಸಿಯ 2015ರ ನಿಯಮಗಳಂತೆ ಲೈಂಗಿಕ ಕಿರುಕುಳ ದೂರುಗಳ ಆಂತರಿಕ ಸಮಿತಿಯಲ್ಲಿ, ಪ್ರಕರಣ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ, ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಇರಬೇಕು. 2023ರ ನಿಯಮಗಳ ಕುಂದುಕೊರತೆ ಸಮಿತಿಯಲ್ಲೂ ವಿದ್ಯಾರ್ಥಿ ಪ್ರತಿನಿಧಿಗೆ ಜಾಗವಿದೆ. ಗುಣಮಟ್ಟ ಖಾತ್ರಿ ಕೋಶ ಐಕ್ಯೂಎಸಿಗೂ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುತ್ತಾರೆ. ಆ ಜಾಗಗಳಲ್ಲಿ ಈಗ ಯಾರಿದ್ದಾರೆ, ಸಭೆ ಕೊನೆಯ ಬಾರಿ ನಡೆದದ್ದು ಯಾವಾಗ? ಪ್ರಾಂಶುಪಾಲರನ್ನು ಲಿಖಿತವಾಗಿ ಕೇಳಿ. ಎಷ್ಟೋ ಬಾರಿ ಆ ಪ್ರಶ್ನೆಯೇ ಮುಂದಿನ ಸಭೆಗೆ ದಿನಾಂಕ ಗೊತ್ತುಮಾಡಿಸುತ್ತದೆ.

9. ಸೋತವರನ್ನು ಸೇರಿಸಿಕೊಳ್ಳಿ, ಕಿರಿಯರಿಗೆ ಫೈಲು ಕೊಡಿ
ನಿಮಗೆ ಬೀಳದ ಮತಗಳೂ ಇದೇ ಕಾಲೇಜಿನವು. ಎದುರಾಳಿಯ ಒಳ್ಳೆಯ ಅಂಶವೊಂದನ್ನು ಅವರ ಹೆಸರು ಹೇಳಿಯೇ ಎತ್ತಿಕೊಳ್ಳಿ, ಆ ಕೆಲಸದ ಹೊಣೆಯನ್ನೂ ಅವರಿಗೇ ಒಪ್ಪಿಸಿ. ಪದಾಧಿಕಾರಿ ಸ್ಥಾನಕ್ಕೆ ಲಿಂಗ್ಡೋ ಕೊಡುವುದು ಒಂದೇ ಅವಕಾಶ. ನೀವು ಮುಂದಿನ ವರ್ಷ ಆ ಸ್ಥಾನದಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲ ಸೆಮಿಸ್ಟರಿನಿಂದಲೇ ಇಬ್ಬರು ಜೂನಿಯರ್‌ಗಳನ್ನು ಜೊತೆಗೆ ಕಚೇರಿಗೆ ಕರೆದೊಯ್ಯಿರಿ. ಅರ್ಜಿಗಳ ಪ್ರತಿ, ಬಂದ ಉತ್ತರ, ಬಾಕಿ ಕೆಲಸಗಳ ಪಟ್ಟಿಯನ್ನು ಅವರ ಕೈಗಿಟ್ಟೇ ಹೊರಡಿ.